ನುಚ್ಚನ ನಿದ್ದೆಗೊಂದು ಬೀಸುಕಲ್ಲು

ಯಮಕನಮರಡಿಯ ಹೆದ್ದಾರಿ ಬದಿಯಲ್ಲಿ ಕೋಳಿಗಿಂತ ಮೊದಲು ಕೂಗುವುದು ಹಿಟ್ಟಿನ ಗಿರಣಿಯ ಶಟರ್. 'ಕರ್ರ್ರ್...' ಎಂದು ಅರ್ಧಕ್ಕೆ ಏರುತ್ತದೆ, ಅಲ್ಲೇ ಮುನಿಸಿಕೊಂಡು ನಿಲ್ಲುತ್ತದೆ. ಸುಂದ್ರವ್ವ ಅದರ ಹೊಟ್ಟೆಗೊಂದು ಗುದ್ದು ಕೊಡುತ್ತಾಳೆ. ಉಳಿದರ್ಧ ಏರುವಷ್ಟರಲ್ಲಿ, ಅವಳ ಕಾಲ ಸಂದಿಯಿಂದ ಬೂದು ಬಣ್ಣದ ಪುಟ್ಟ ನಾಯಿಯೊಂದು ಒಳಗೆ ನುಸುಳಿ, ಮೂಲೆಮೂಲೆ ಮೂಸಿ ತಪಾಸಣೆ ಮುಗಿಸಿರುತ್ತದೆ.

"ಏನ್ರಿ ಇನ್ಸ್‌ಪೆಕ್ಟರ್ ಸಾಹೇಬ್ರ, ಎಲ್ಲಾ ಬರೋಬರಿ ಐತೇನ್ರಿ?" ಎಂದು ಸುಂದ್ರವ್ವ ಕೇಳುತ್ತಾಳೆ. ಸಾಹೇಬರು ಬಾಲ ಅಲ್ಲಾಡಿಸಿ ಸಹಿ ಹಾಕುತ್ತಾರೆ.

ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡು, ಬಳೆಗಳನ್ನು ಮೊಳಕೈಗೆ ಏರಿಸಿ, ಅವಳು ಗಿರಣಿಯ ಗುಂಡಿ ಒತ್ತುತ್ತಾಳೆ. 'ಗುಂಯ್... ಗುಂಯ್ಯ್... ಘರ್ರ್ರ್!' ಚಕ್ರದ ಪಟ್ಟಾ ಓಡತೊಡಗುತ್ತದೆ, ಗೋಡೆಗೆ ಅಂಟಿದ ಹಿಟ್ಟು ನಡುಗುತ್ತದೆ. ನಾಯಿ ಖಾಲಿ ಚೀಲದ ಮೇಲೆ ಸುತ್ತು ಹೊಡೆದು ಉಂಡೆಯಾಗಿ ಕಣ್ಣು ಮುಚ್ಚುತ್ತದೆ.

ಹೊರಗೆ ಯಾರೋ ದೀಪಾವಳಿ ಅಮಾವಾಸ್ಯೆಯ ಮೊದಲ ಪಟಾಕಿ ಹಚ್ಚುತ್ತಾರೆ. 'ಢಂ!' ಬೀದಿನಾಯಿಗಳು ಬಾಲ ಮಡಚಿಕೊಂಡು ದಿಕ್ಕಾಪಾಲು. ಗಿರಣಿಯೊಳಗಿನ ನಾಯಿಯ ಒಂದು ಕಿವಿ ಮಾತ್ರ ಎದ್ದು, ಯಾರೂ ಕರೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಮಲಗುತ್ತದೆ.

"ಗಿರಣಿ ನಡದಿತ್ತಂದ್ರ ಅದಕ್ಕ ಬಾಂಬ್ ಬಿದ್ರೂ ಅಷ್ಟ, ಬಾರಿಕಾಯಿ ಬಿದ್ರೂ ಅಷ್ಟ ನೋಡ್ರಿ," ಎನ್ನುತ್ತಾಳೆ ಸುಂದ್ರವ್ವ, ಹೊರಬಿದ್ದ ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜುತ್ತ. "ಗಿರಣಿ ನಿಂತ ಮ್ಯಾಲ ಐತಿ ಅದರ ಅವತಾರ."

ಇವತ್ತು ಗಿರಣಿ ನಿಲ್ಲಲಿದೆ. ಇಳಿಹೊತ್ತಿಗೆ ಮಾಲಕ ಶ್ರೀಶೈಲ ಬಂದು ಪಟ್ಟಾ ಇಳಿಸುತ್ತಾನೆ, ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವು ಏರಿಸುತ್ತಾನೆ. ಒಮ್ಮೆ ಪೂಜೆಯಾಯಿತೆಂದರೆ ಪಾಡ್ಯ ಕಳೆಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಅವನ ಅಪ್ಪನ ಕಾಲದ ಕಟ್ಟುಪಾಡು. ಊರೆಲ್ಲ ಸಿಡಿಯುವ ಸಂಜೆಯೇ ಗಿರಣಿಗೆ ಮೌನವ್ರತ.

ಸುಂದ್ರವ್ವ ಮಸಗುಪ್ಪಿಯ ಮಗಳು. ಗಂಡ ಸೋಮಪ್ಪ ಹಿಡಕಲ್ ಕಾಲುವೆಯ ಮೇಲೆ ನೀರು ಬಿಡುವ ಕೆಲಸದವನು, ವಾರಕ್ಕೊಮ್ಮೆ ಮನೆಗೆ ನೀರು ಕುಡಿಯಲು ಬರುತ್ತಾನೆಂದು ಅವಳ ಚೇಷ್ಟೆ. ಒಂದು ದಿನ ಜೋಳ ಬೀಸಿಸಲು ಬಂದಾಗ ಗಿರಣಿಯ ಆಳು ನಾಪತ್ತೆ, ಹೆಂಗಸರ ಸಾಲು ಬಾಗಿಲಾಚೆ ಬೆಳೆದಿತ್ತು. "ಎಷ್ಟೊತ್ತಂತ ನಿಲ್ಲೂದು?" ಎಂದು ಇವಳೇ ಗುಂಡಿ ಒತ್ತಿದಳು. ಅವತ್ತು ಒತ್ತಿದ ಬೆರಳನ್ನು ಇನ್ನೂ ತೆಗೆದಿಲ್ಲ. ದಿನಕ್ಕೆ ಎಂಟ್ಹತ್ತು ಚೀಲ, ಹಬ್ಬ ಬಂದರೆ ಅದರ ದುಪ್ಪಟ್ಟು. ಊರವರ ಹೊಟ್ಟೆಪಾಡೆಲ್ಲ ಮೊದಲು ಸುಂದ್ರವ್ವನ ಹಿಟ್ಟುಪಾಡು. ಸಂಜೆ ಮನೆಗೆ ಹೋಗುವಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಎದೆಗೆ ಕೆಮ್ಮು, ಕಿವಿಗೆ ಮಂದ. ಕೆಮ್ಮಿನ ಮಾತೆತ್ತಿದರೆ ಅವಳು ಗಿರಾಕಿಗಳ ಅಣಕು ಶುರು ಮಾಡುತ್ತಾಳೆ.

"ಒಬ್ಬೊಬ್ರದು ಒಂದೊಂದು ರಾಗ್ರಿ. ಹೆಣ್ಮಕ್ಕಳ ಜಾಕೀಟ ಹೊಲಿಯೋ ಶೋಭಾ ಬರ್ತಾಳ," ಮೂಗಿಗೆ ದನಿ ಏರಿಸಿ, "'ಸುಂದ್ರಕ್ಕಾ, ಗೋದಿ ಸಣ್ಣಗ ಬೀಸ್ ಯವ್ವಾ, ಹೋಳ್ಗಿ ಹರೀಬಾರ್ದು!' ನಮ್ಮ ಸಾವ್ಕಾರ್ರ ಅವ್ವ ಗೌರವ್ವ," ಸೊಂಟಕ್ಕೆ ಕೈಯಿಟ್ಟು, "'ಜ್ವಾಳ ಬಿಸಿ ಮಾಡಬ್ಯಾಡ, ರೊಟ್ಟಿಗೆ ಜಿಗಿ ಬರೂದಿಲ್ಲ!'"

ಈ ರಾಗಗಳ ನಡುವೆಯೇ ನಾಯಿಮರಿ ಸಿಕ್ಕಿದ್ದು. ಚೀಲಗಳ ಹಿಂದೆ ಬೀದಿನಾಯಿಯೊಂದು ಮರಿ ಹಾಕಿ, ಗಟ್ಟಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಯಿತು. ಉಳಿದದ್ದು ಅಂಗೈಯಷ್ಟು. "ಇತ್ಲಾಗ ಕಾಳೂ ಅಲ್ಲ, ಅತ್ಲಾಗ ಹಿಟ್ಟೂ ಅಲ್ಲ. ನುಚ್ಚ ಅಂತ ಹೆಸರಿಟ್ಟೆ." ಕಣ್ಣು ಬಿಡುವ ಮೊದಲೇ ನುಚ್ಚನ ಕಿವಿಗೆ ಬಿದ್ದದ್ದು ಗಿರಣಿಯ ಘರ್ರ್. ಕರೆಂಟ್ ಹೋದರೆ ಇಡೀ ಓಣಿಯಲ್ಲಿ ಮೊದಲು ಎದ್ದು ಕೂರುವುದು ಅದೇ.

ಹಾಗೆ ಎದ್ದು ಕೂರುವ ನಾಯಿ ತನ್ನ ಮೊದಲ ದೀಪಾವಳಿಯಲ್ಲಿ ಎದ್ದು ಓಡಿತು. ಪೂಜೆ ಮುಗಿದು ಗಿರಣಿ ಸುಮ್ಮನಾಗಿತ್ತು. ಬಾಗಿಲಲ್ಲೇ ಪಟಾಕಿ ಸರ 'ಚಟಪಟ' ಎಂದಿತು. ನುಚ್ಚ ಹೆದ್ದಾರಿಗೆ ನುಗ್ಗಿತು. ಬೈಕಿನ ಚಕ್ರ ಮುಂಗಾಲು ಜಜ್ಜಿತು. ಆದರೂ ನಿಲ್ಲದೆ ಆಚೆಯ ಕಬ್ಬಿನ ಗದ್ದೆ ಹೊಕ್ಕಿತು. ಸುಂದ್ರವ್ವ ಮರುದಿನವೆಲ್ಲ ಬದುವಿನ ಮೇಲೆ ಕೂಗಿ ಕೂಗಿ ಸೋತಳು. ಕಡೆಗೆ ಏನು ತೋಚಿತೋ, ಎರಡೂ ಕೈ ಬಾಯಿಗಿಟ್ಟು 'ಗುಂಯ್... ಘರ್ರ್ರ್' ಎಂದು ಗಿರಣಿಯಾಗಿ ನಿಂತಳು. ಹಾದಿಹೋಕರು, ಪಾಪ, ಈಕಿಗೆ ಹಬ್ಬ ತಲೆಗೇರಿದೆ ಅಂದುಕೊಂಡರು. ಕಬ್ಬಿನ ಒಣಗರಿ ಸರಸರ ಎಂದಿತು. ಮೂರೇ ಕಾಲಲ್ಲಿ ನುಚ್ಚ ಹೊರಬಂತು.

ಕಾಲು ಉಳಿಸಿದ ಪಶುವೈದ್ಯರು ಒಂದೇ ಮಾತು ಹೇಳಿ ಕಳಿಸಿದರು: "ಇನ್ನೊಮ್ಮೆ ರೋಡಿಗೆ ಬಿಟ್ರ ಕಾಲಲ್ಲ ತಂಗಿ, ನಾಯಿನ ಉಳಿಯೂದಿಲ್ಲ."

ಹೋದ ವರ್ಷ ಮತ್ತೆ ಅದೇ ಸಂಜೆ ಬಂತು. ಕಿವಿಗೆ ಹತ್ತಿ ತುರುಕಿದರೆ ನುಚ್ಚ ಕೊಡವಿ ಒಗೆಯಿತು. ಮನೆಗೆ ಒಯ್ದು ಟಿ.ವಿ. ಜೋರು ಮಾಡಿದರೆ ಅದಕ್ಕೂ ನಡುಗಿತು. ಗಿರಣಿಗೆ ತಂದು ಕಟ್ಟಿದರೆ ಹಗ್ಗ ಕಡಿಯತೊಡಗಿತು. ಸುಂದ್ರವ್ವ ಬಾಯಿಂದಲೇ ಗಿರಣಿ ನಡೆಸಿದಳು. ಬಾಯಿಗಿರಣಿ ಎಷ್ಟು ಹೊತ್ತು ನಡೆದೀತು? ಗಂಟಲು ಒಣಗಿ ಶ್ರೀಶೈಲನ ಮುಂದೆ ನಿಂತಳು.

"ಸಾವ್ಕಾರ್ರ, ಖಾಲಿ ಮೋಟರ್ ಅಷ್ಟ ಹಚ್ಚೂಣ್ರಿ. ಕಾಳು ಹಾಕೂದಿಲ್ಲ."

"ಪೂಜಾ ಆಗೇತಿ ಸುಂದ್ರವ್ವ. ನಾಯಿ ಸಲವಾಗಿ ಕಟ್ಟು ಮುರದ್ರ ನಮ್ಮವ್ವ ಪಾಡ್ಯದ ದಿನ ನನ್ನ ಬೀಸತಾಳ," ಎಂದ ಶ್ರೀಶೈಲ. ನಗುತ್ತಲೇ ಹೇಳಿದರೂ, ಇಲ್ಲ ಅಂದದ್ದು ಇಲ್ಲವೆಂದೇ.

ಏದುಸಿರು ಬಿಡುವ ನಾಯಿಗೆ ನೀರಾದರೂ ಇಡೋಣವೆಂದು ಸುಂದ್ರವ್ವ ಗಿರಣಿಯ ಹಿತ್ತಲಿನ ನೀರಿನ ಡ್ರಮ್ಮಿನ ಬಳಿ ಹೋದಳು. ಮುಚ್ಚಳ ಹಾರದಂತೆ ಮೇಲೊಂದು ಕಲ್ಲು ಹೇರಿದ್ದರು, ಪಕ್ಕದಲ್ಲಿ ಅದರ ಜೋಡಿ. ಗೌರವ್ವ ಸೊಸೆಯಾಗಿ ಬಂದಾಗಿನ ಬೀಸುಕಲ್ಲು. ಮೇಲಿನ ಕಲ್ಲನ್ನು ಇಳಿಸಿ ಜೋಡಿಯ ಮೇಲೆ ಇಟ್ಟಳು. 'ಗರ್' ಎಂದಿತು. ಒಳಗೆ ನುಚ್ಚನ ಕಿವಿ ನೆಟ್ಟಗಾಯಿತು.

ಎರಡೂ ಕಲ್ಲನ್ನು ಎತ್ತಿ ತಂದು, ಒರೆಸಿ, ಗೂಟ ಹೊಡೆದು ರಭಸದಿಂದ ತಿರುಗಿಸಿದಳು. ಕಲ್ಲಿಗೆ ಕಲ್ಲು ಉಜ್ಜಿ 'ಕಿಂಯ್ಯ್ಯ್' ಎಂದು ಕಿರುಚಿತು. ನುಚ್ಚ ತಕ್ಕಡಿಯ ಕೆಳಗೆ ತೂರಿತು. ದಿನವಿಡೀ ಕಾಳು ಹಾಕುವ ಕೈ, ಅವಸರದಲ್ಲಿ ಕಾಳು ಹಾಕುವುದನ್ನೇ ಮರೆತಿತ್ತು.

"ಏ ಹುಚ್ಚಿ!" ಬಾಗಿಲಲ್ಲಿ ಗೌರವ್ವ. "ಖಾಲಿ ಕಲ್ಲ ತಿರುವ್ತಾರೇನ? ಅದರ ಬಾಯಿಗೆ ಏನರ ಹಾಕ!"

ಒಂದು ಹಿಡಿ ಜೋಳ ಬಿತ್ತು. ದನಿ ಇಳಿಯಿತು. ಘರ್... ಘರ್... ಆದರೂ ಸುತ್ತಿಗೂ ಸುತ್ತಿಗೂ ನಡುವೆ ಒಂದು ಬಿಕ್ಕು. ಆ ಸಂದಿಯಲ್ಲೇ ಪಟಾಕಿ ಒಳಗೆ ಬರುತ್ತಿತ್ತು. "ಕಲ್ಲಿಗೆ ಹಾಡು ಬೇಕವಾ, ಹಾಡಿದ್ರ ಕೈ ಒಂದ ಸಮ ತಿರುಗತೈತಿ," ಎಂದಳು ಗೌರವ್ವ. ಸುಂದ್ರವ್ವನಿಗೆ ಅವ್ವ ಹಾಡುತ್ತಿದ್ದ ಬೀಸುವ ಪದಗಳ ಧಾಟಿ ನೆನಪಿತ್ತು, ಮಾತು ಒಂದೂ ಇರಲಿಲ್ಲ. ಬಾಯಿಗೆ ಬಂದದ್ದನ್ನೇ ಧಾಟಿಗೆ ಕೂರಿಸಿದಳು:

"ಶೋಭಾನ ಗೋದಿ ಸಣ್ಣಗ ಬರಲೆವ್ವ, ಹೋಳ್ಗಿ ಹರಿದ್ರ ನಂಗ ಬೈದಾಳ... ಗೌರವ್ವನ ಜ್ವಾಳ ತಣ್ಣಗ ಇರಲೆವ್ವ, ಬಿಸಿಯಾದ್ರ ಮಗನ್ನ ಬೈದಾಳ..."

"ನನ್ನ ಮುಂದ ನನ್ನ ಬೈಗಳಾನ ಹಾಡ್ತಿಯೇನ!" ಎನ್ನುತ್ತ ಗೌರವ್ವ ಎದುರಿಗೆ ಕಾಲು ಚಾಚಿ ಕುಳಿತಳು. ಗೂಟಕ್ಕೆ ಎರಡನೆಯ ಕೈ ಬಿತ್ತು. ಬಿಕ್ಕು ಹೋಯಿತು. ಓಣಿಯ ಗಿರಾಕಿಗಳ ಹೆಸರೆಲ್ಲ ಒಂದೊಂದಾಗಿ ಹಾಡಿಗೆ ಬಂದವು. ತಕ್ಕಡಿಯ ಕೆಳಗಿಂದ ನುಚ್ಚ ತೆವಳಿ ಬಂದು, ಕಲ್ಲಿನ ಕೆಳಗೆ ಹಾಸಿದ ಚೀಲದ ಅಂಚಿಗೆ ಗದ್ದ ಊರಿತು. ಹೊರಗೆ ಊರು ಸಿಡಿಯುತ್ತಿತ್ತು. ನುಚ್ಚನ ಮೂಗಿನ ಮೇಲೆ ಹಿಟ್ಟು ಬೀಳುತ್ತಿತ್ತು.

"ಗಿರಣಿ ಬಂತಂತ ಈ ಕಲ್ಲ ಹೊರಗ ಹಾಕಿದ್ವಿ," ಎಂದು ಗೌರವ್ವ ಈಗಲೂ ಆಡಿಕೊಳ್ಳುತ್ತಾಳೆ. "ಸೊಸಿ ಸಲವಾಗಿ ಒಳಗ ಬರ್ಲಿಲ್ಲ, ನಾಯಿ ಸಲವಾಗಿ ಬಂತು ನೋಡ್ರಿ."

ಇವತ್ತು ಬೆಳಗಿನಿಂದ ಸಾಲು ಕರಗಿಲ್ಲ. ಗೋದಿ ಡಬ್ಬಿ ಇಳಿಸುತ್ತ ಶೋಭಾ ಕೆಣಕುತ್ತಾಳೆ: "ಏನ್ ಸುಂದ್ರಕ್ಕಾ, ಸಂಜಿಗೆ ನಾಯಿ ಮುಂದ ನಿನ್ನ ಹಾಡಿನ ಕಚೇರಿ ಐತೇನ?"

"ಐತಿ ಬಾ. ಈ ಸಲ ನಿನ್ನ ಜಾಕೀಟಿನ ಮ್ಯಾಲ ಒಂದ ನುಡಿ ಕಟ್ಟೇನಿ. ಉಸರ ಬಿಡಾಕ ಆಗದಂಗ ಹೊಲದೀದಿ ಅಂತ."

"ನೀ ಹಿಟ್ಟ ತಿಂದ ತಿಂದ ಉಬ್ಬಿದ್ರ ನನ್ನ ಸೂಜಿ ಏನ್ ಮಾಡೀತ?"

ಸಾಲೆಲ್ಲ ನಗುತ್ತದೆ. ಸುಂದ್ರವ್ವನ ಕಣ್ಣು ಮಾತ್ರ ಆಗಾಗ ಬಾಗಿಲಿಗೆ ಹೋಗುತ್ತದೆ. ಬಾಗಿಲಾಚೆ ಲಾರಿಗಳು ಹಾಯುತ್ತಿವೆ.

ಇಳಿಹೊತ್ತು. ಕಡೆಯ ಡಬ್ಬಿ ಹೋಗುತ್ತದೆ. ಸುಂದ್ರವ್ವ ಗುಂಡಿ ಆರಿಸುತ್ತಾಳೆ. ಘರ್ರ್ ಎನ್ನುವುದು ಗುಂಯ್ ಆಗಿ, ಗುಂಯ್ ಏನೂ ಇಲ್ಲದಂತಾಗುತ್ತದೆ. ನುಚ್ಚ ಎದ್ದು ಕೂರುತ್ತದೆ. ಜಜ್ಜಿದ ಮುಂಗಾಲನ್ನು ಎತ್ತಿ ಹಿಡಿದಿದೆ.

ಶ್ರೀಶೈಲ ತಟ್ಟೆ ಹಿಡಿದು ಬಂದಿದ್ದಾನೆ. ಮೋಟರಿಗೆ ವಿಭೂತಿ, ಇಳಿಸಿದ ಪಟ್ಟಾಕ್ಕೆ ಕುಂಕುಮ, ತಕ್ಕಡಿಗೆ ಹೂವು. ಕಡೆಗೆ, ಮೂಲೆಯಲ್ಲಿ ತೊಳೆದಿಟ್ಟ ಬೀಸುಕಲ್ಲಿನ ಕಡೆ ತಿರುಗುತ್ತಾನೆ. ಅವ್ವನ ಕಲ್ಲಿಗೂ ಈ ವರ್ಷ ಮರ್ಯಾದೆ ಆಗಲೆಂದು ಒಂದು ದೊಡ್ಡ ಹೂವು ಉಳಿಸಿಕೊಂಡಿದ್ದಾನೆ. ವಿಭೂತಿಯಲ್ಲಿ ಅದ್ದಿದ ಮೂರು ಬೆರಳು ಕೆಳಗಿಳಿಯುವಷ್ಟರಲ್ಲಿ ಸುಂದ್ರವ್ವನ ಅಂಗೈ ಕಲ್ಲಿನ ಮೇಲೆ ಕೂತಿರುತ್ತದೆ.

"ಇದಕ್ಕ ಬ್ಯಾಡ್ರಿ ಸಾವ್ಕಾರ್ರ."

"ಯಾಕವಾ? ಇದೂ ಗಿರಣಿನ ಅಲ್ಲೇನ?"

"ಹೌದ್ರಿ. ಅದಕ್ಕ ಅಂದೆ. ಪೂಜಾ ಆತಂದ್ರ ಮುಟ್ಟಂಗಿಲ್ಲಲ್ರಿ?"

ಶ್ರೀಶೈಲ ಅವ್ವನ ಮುಖ ನೋಡುತ್ತಾನೆ. ಗೌರವ್ವ ಆಗಲೇ ಎದುರಿಗೆ ಕುಳಿತು ಕಾಲು ಚಾಚಿದ್ದಾಳೆ.

"ಹಂಗಾರ ಈ ಹೂವು?"

"ಪಾಡ್ಯ ಆಗಲ್ರಿ, ಏರಸೂಣಂತ. ನಾ ಕೇಳೂದು ಅಷ್ಟ," ಎನ್ನುತ್ತ ಸುಂದ್ರವ್ವ ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಬಿಡುತ್ತಾಳೆ. "ಇವತ್ತ ಇದರದು ಪಾಳಿ ಐತ್ರಿ."