ಡ್ಯಾಶ್‌ಬೋರ್ಡಿನ ಮ್ಯಾಲಿನ ಸಾಗವಾನಿ

ನನಗ ಒಂದು ಚಟ ಐತಿ, ಮೊದಲ ಹೇಳಿಬಿಡ್ತೇನಿ. ಯಾವುದರ ಮ್ಯಾಲರ ಏನಾರ ಅಂಟಿಸಿದ್ದು ಕಂಡ್ರ ಅದರ ತೆಳಗ ಏನೈತಿ ಅಂತ ನೋಡೂ ತನಕಾ ನನಗ ಊಟ ಸೇರೂದಿಲ್ಲ. ಸವಣೂರಾಗ ಇಪ್ಪತ್ತೆಂಟು ವರ್ಷ ಜಮೀನಿನ ದಾವೆ ನಡಿಸಿದ್ದಕ್ಕ ಬಂದ ಬ್ಯಾನಿ ಇದು. ಖರೀದಿಪತ್ರದಾಗ ಒಂದು ಹೆಸರಿನ ಮ್ಯಾಲೆ ಬಿಳಿ ಬಣ್ಣ ಬಳದಿದ್ರ ನಾವು ವಕೀಲರು ಕಾಗದ ಬೆಳಕಿಗೆ ಹಿಡದು ನೋಡ್ತೇವಿ. ತೆಳಗ ಬ್ಯಾರೆಯವರ ಹೆಸರು ಇದ್ದ ಇರತೈತಿ. ಮದುವಿ ಮನಿಗೆ ಹೋದ್ರೂ ಹೊಸಾ ಸುಣ್ಣದ ಹಿಂದ ಗ್ವಾಡಿ ಬಿರುಕು ಹುಡುಕೋ ಮನಶ್ಯಾ ನಾನು. ಬೀಗರು ನನ್ನ ಕರಿಯೋದು ಕಡಿಮಿ ಮಾಡ್ಯಾರ.

ಹಿಂಗಿರಬೇಕಾದ್ರ, ಹೋದ ಶ್ರಾವಣದಾಗ ನನ್ನ ಹೆಂಡತಿ ಗಿರಿಜಾ ಶಿಗ್ಗಾವಿಗೆ ಹೋಗಿ ಕಾರಿನ ಡ್ಯಾಶ್‌ಬೋರ್ಡಿಗೆ, ನಾಲ್ಕೂ ಬಾಗಿಲಿನ ಒಳಮೈಗೆ ಸಾಗವಾನಿ ಕಟಗಿಯಂಗ ಕಾಣೋ ಸ್ಟಿಕರ್ ಪಟ್ಟಿ ಹಚ್ಚಿಸಿಕೊಂಡು ಬಂದ್ಲು. ಅಂಚಿಗೆ ಬಂಗಾರದ ಬಣ್ಣದ ಗೆರಿ ಬ್ಯಾರೆ. ಗಿರಿಜಾ ಹತ್ತಿಮತ್ತೂರ ಸಾಲಿಯಾಗ ಅಕ್ಕೋರು. ಐವತ್ತು ದಾಟಿದ ಮ್ಯಾಲೆ ಗಾಡಿ ಕಲ್ತು ದಿನಾ ತಾನ ಹೊಡಕೊಂಡು ಹೋಗಿ ಬರ್ತಾಳ. ಸೀರಿ ಸುದ್ದಾ ತಿಳಿ ಬಣ್ಣದ್ದ ಉಡೂವಾಕಿ, ಪ್ಲಾಸ್ಟಿಕ್ಕಿಗೆ ಕಟಗಿ ವೇಷ ಯಾಕ ಹಾಕಿಸಿದ್ಲು?

"ಯಾಕ ಹಚ್ಚಿಸಿದಿ?" ಅಂದೆ.

"ಛಂದ ಕಾಣತೈತಿ ಅಂತ," ಅಂದ್ಲು.

ಇಂಥಾ ಸಣ್ಣ ಉತ್ತರ ಕೊಡೋ ಸಾಕ್ಷಿನ್ನ ನಾನು ಇಲ್ಲೀ ತನಕಾ ನಂಬಿಲ್ಲ. ಎಲ್ಲೋ ಗುದ್ದಿಕೊಂಡು ಬಂದಾಳ, ಬಿರುಕು ಬಿಟ್ಟೈತಿ, ನನಗ ಮುಚ್ಚಿಟ್ಟಾಳ ಅಂತ ತಲ್ಯಾಗ ಹೊಕ್ತು. ಬಂಪರ್ ಸವರಿ ನೋಡಿದೆ. ಮೈಗೆ ಪೆಟ್ಟಾಗಿರಬೇಕಂತ ಆಕಿ ನಡಿಗಿ ಸುದ್ದಾ ನೋಡಿದೆ. ಪುರಾವೆ ಸಿಗಲಿಲ್ಲ, ಸಂಶೆ ಮಾತ್ರ ಹೆಚ್ಚಾತು. ಹಗ್ಗ ಕಂಡು ಹಾವು ಅಂದ್ಕೊಳ್ಳೋದಕ್ಕ ವೇದಾಂತಿಗಳು ಅಧ್ಯಾಸ ಅಂತಾರ. ಪ್ಲಾಸ್ಟಿಕ್ ಕಂಡು ಸಾಗವಾನಿ ಅಂದ್ಕೊಳ್ಳೋದಕ್ಕ ಶಿಗ್ಗಾವಿ ಅಂಗಡಿಯವರು ಡೆಕೊರೇಶನ್ ಅಂತಾರ. ಜ್ಞಾನ ಬಂದ್ರ ಎರಡೂ ಹೋಗತಾವ ಅಂತ, ಒಂದು ಐತಾರ ಮಧ್ಯಾಹ್ನ ಆಕಿ ಮಲಗಿದಾಗ ಕಾರಿನ್ಯಾಗ ಕುಂತು ಪಟ್ಟಿ ಅಂಚಿಗೆ ಉಗರು ಹಾಕಿದೆ.

ಒಂದು ಗೇಣು ಕಿತ್ತೆ. ಏನೂ ಇಲ್ಲ. ಮುಂದ ಇದ್ದೀತು ಅಂತ ಪೂರಾ ಕಿತ್ತೆ. ತೆಳಗ ಡ್ಯಾಶ್‌ಬೋರ್ಡ್ ಹೊಸದರಂಗ ನುಣ್ಣಗಿತ್ತು. ತಲಿ ಎತ್ತಿದ್ರ ಗಿರಿಜಾ ಕಿಟಕಿ ಹೊರಗ ನಿಂತಿದ್ಲು.

"ಏನ್ ಸಿಕ್ತ್ರಿ?"

"ಏನೂ ಇಲ್ಲ. ನೀ ಸರಿಯಾಗಿ ಹೇಳಿದ್ರ ನಾ ಯಾಕ..."

"ಹೇಳಿದ್ದೆ. ನೀವು ನಂಬಲಿಲ್ಲ. ನನ್ನ ಪಗಾರದಾಗ ತಗೊಂಡ ಗಾಡಿ ಇದು. ಹತ್ತಿಮತ್ತೂರಿಂದ ಹಾನಗಲ್ಲ ತನಕಾ ಎಲ್ಲಾರೂ ವಕೀಲರ ಕಾರು ಅಂತಾರ. ಒಳಗ ಕುಂತಾಗರ ನಂದು ಅನ್ನಿಸ್ಲಿ ಅಂತ, ನನಗ ಛಂದ ಕಂಡದ್ದು ಹಚ್ಚಿಸಿದ್ದೆ."

ಮರುದಿನ ಆಕಿ ಚಾವಿ ನನ್ನ ಮೇಜಿನ ಮ್ಯಾಲಿಟ್ಟು ಬಸ್ಸಿಗೆ ಹೋದ್ಲು. ಅದರ ಮರುದಿನಾನೂ ಬಸ್ಸು. ಅಷ್ಟು ಹೆದರಿ, ಅಷ್ಟು ಬೈಸಿಕೊಂಡು ಕಲ್ತ ಗಾಡಿ, ಇನ್ನ ಮುಟ್ಟೂದ ಇಲ್ಲೇನೋ ಅಂತ ನನಗ ಖರೇನ ಅಂಜಿಕಿ ಆತು. ಶಿಗ್ಗಾವಿಗೆ ಹೋಗಿ ಅದ ನಮೂನಿ ಪಟ್ಟಿ ಹುಡುಕಿ ತಂದೆ. "ನಾ ಹಚ್ಚತೇನಿ," ಅಂದೆ. "ನೀವು ಮುಟ್ಟಬ್ಯಾಡ್ರಿ," ಅಂತ ಆಕಿನ ಹಚ್ಚಿದ್ಲು. ಮರುದಿನ ಚಾವಿ ತಗೊಂಡ್ಲು. ಮಾತು ಮಾತ್ರ ಅಷ್ಟಕ್ಕಷ್ಟ ಇತ್ತು.

ಹೋದ ವಾರ ಹಿರೇಕೆರೂರಿಗೆ ಒಂದು ಮದುವಿಗೆ ಹೋಗಿದ್ವಿ, ಗಾಡಿ ಹೊಡದಾಕಿ ಗಿರಿಜಾ. ಗುರ್ತಿನ ಹತ್ತಿ ವ್ಯಾಪಾರಸ್ಥರೊಬ್ರು ಒಳಗ ಇಣುಕಿ, "ಭಾರಿ ಮಾಡಿಸೀರಲ್ರಿ ವಕೀಲರ ನಿಮ್ಮ ಕಾರು," ಅಂದ್ರು.

"ನಂದಲ್ರಿ. ಅಕ್ಕೋರ ಗಾಡಿ. ನಾ ಇದರಾಗ ಕುಂತು ಬಂದೇನಷ್ಟ," ಅಂದೆ.

ವಾಪಸ್ ಹೊಂಟಾಗ ಗಿರಿಜಾ, "ಬಾಗ್ಲಾ ಸಾವಕಾಶ ಹಾಕ್ರಿ," ಅಂದ್ಲು. ಗಾಡಿ ಮಾಲಕರ ಧಾಟಿ ಅದು. ಸಾವಕಾಶ ಹಾಕಿದೆ.

"ಸಿಟ್ಟು ಹೋತೇನ?" ಅಂದೆ.

"ಹೋತ್ರಿ," ಅಂದ್ಲು.

ಮತ್ತೊಂದು ಪ್ರಶ್ನಿ ಬಾಯಿತನಕಾ ಬಂದಿತ್ತು. ನುಂಗಿಕೊಂಡೆ. ಮದುವ್ಯಾಗಿ ಇಷ್ಟು ವರ್ಷಕ್ಕ, ಆಕಿ ಅಂದದ್ದನ್ನ ಅಂದಷ್ಟಕ್ಕ ನಂಬಿದ್ದು ಇದ ಮೊದಲು.