ಗಂಟೆಯಕ್ಕನ ಗಂಟಲು

ಆಕೆಗೆ ಗಂಟೆಯಕ್ಕ ಅಂತ ಹೆಸರಿಟ್ಟದ್ದು ಶಾಲೆಯ ಮಕ್ಕಳಲ್ಲ, ಹೆಡ್ ಮಿಸ್ಸೇ. ಒಂದು ದಿನ ಕರೆಂಟಿಲ್ಲದೆ ಬೆಲ್ ಹೊಡೆಯಲಿಲ್ಲ. ಆಕೆ ಬಾಗಿಲಲ್ಲಿ ನಿಂತು "ಊಟಕ್ಕೆ ಬನ್ರೋ!" ಎಂದು ಕೂಗಿದಳು. ಹಿಂದಿನ ಬೀದಿಯ ಗ್ಯಾರೇಜಿನವರೂ ಕೈ ತೊಳೆಯಲು ಎದ್ದರಂತೆ.

ಇಪ್ಪತ್ತು ವರ್ಷ ತಳ್ಳುಗಾಡಿಯಲ್ಲಿ ತರಕಾರಿ ಮಾರಿದ ಗಂಟಲು ಅದು. ಮಂಡಿ ಸವೆದು ದಿನವಿಡೀ ಬೀದಿ ಸುತ್ತುವುದು ಆಗದಾದಾಗ, ಅಂಗವಿಕಲ ಮಕ್ಕಳ ಈ ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ವ್ಯಾನಿನಲ್ಲಿ ಮಕ್ಕಳನ್ನು ಕರೆತರುವುದು, ಗಾಲಿಕುರ್ಚಿ ತಳ್ಳುವುದು, ಉಣಿಸುವುದು. ತಳ್ಳುವುದು ಹೇಗೂ ಕೈಗೆ ರೂಢಿ. ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಬೇಗ ಕಲಿತಳು.

ವ್ಯಾನಿನ ಮಕ್ಕಳಲ್ಲಿ ಹದಿಮೂರರ ಹುಡುಗಿಯೊಬ್ಬಳಿದ್ದಳು. ಕೈಕಾಲು ತಮಗೆ ತೋಚಿದ ಕಡೆ ಹೋಗುತ್ತಿದ್ದವು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಆದರೆ ಸುತ್ತ ಆಡಿದ ಒಂದು ಮಾತೂ ಅವಳ ಕಿವಿ ತಪ್ಪುತ್ತಿರಲಿಲ್ಲ. ಹೌದು ಎನ್ನಲು ಹುಬ್ಬೇರಿಸುವಳು, ಇಲ್ಲ ಎನ್ನಲು ಕಣ್ಣು ಮುಚ್ಚುವಳು. ಕುರ್ಚಿಯಲ್ಲಿ ಕೂತು ಹುಬ್ಬಿನಲ್ಲೇ ಅಪ್ಪಣೆ ಕೊಡುತ್ತಾಳೆಂದು ಗಂಟೆಯಕ್ಕ ಅವಳನ್ನು ಮಹಾರಾಣಿ ಎಂದೇ ಕರೆಯುತ್ತಿದ್ದಳು.

ಆ ವರ್ಷ ಶಾಲೆಗೆ ಹೊಸದಾಗಿ ಮಾತಿನ ಟೀಚರ್ ಬಂದರು. ಚಿಕ್ಕ ವಯಸ್ಸು, ಸಕ್ಕರೆಯಂಥ ದನಿ. ಅವರು ಮಹಾರಾಣಿಗೆ ಒಂದು ಮಾತಿನ ಪೆಟ್ಟಿಗೆ ತಂದರು. ಅದರ ಮೇಲೆ ಇಪ್ಪತ್ತು ಚೌಕ, ಚೌಕಕ್ಕೊಂದು ಚಿತ್ರ. ಒತ್ತಿದರೆ ತುಂಬಿಟ್ಟ ಮಾತು ಹೊರಬರುತ್ತದೆ. ಲೋಟದ ಚಿತ್ರ ಒತ್ತಿದರೆ ಟೀಚರ ದನಿ, "ದಯವಿಟ್ಟು ನನಗೆ ನೀರು ಬೇಕು."

ತಿಂಗಳು ಕಳೆಯಿತು. ಟೀಚರ್ ತಾವೇ ದಿನಾ ಒತ್ತಿ ಒತ್ತಿ ತೋರಿಸಿದರು. ಮಹಾರಾಣಿ ಮುಖ ತಿರುಗಿಸಿ ಕಿಟಕಿ ನೋಡಿದಳು. ಗಂಟೆಯಕ್ಕನೋ, ಅವಳು ಕೇಳುವ ಮೊದಲೇ ನೀರು ಕುಡಿಸಿಬಿಡುತ್ತಿದ್ದಳು.

"ಅಕ್ಕಾ, ನೀವೇ ಕೊಟ್ಟುಬಿಟ್ರೆ ಅವಳು ಯಾಕೆ ಕೇಳ್ತಾಳೆ? ಹತ್ತರವರೆಗೆ ಎಣಿಸಿ, ಆಮೇಲೆ ನೋಡೋಣ."

"ಒಂದೂ! ಎರಡೂ!" ಗಂಟೆಯಕ್ಕ ಶುರುಮಾಡಿದಳು.

"ಮನಸ್ಸಿನಲ್ಲಿ ಎಣಿಸಿ ಅಕ್ಕಾ..."

ಒಂದು ಸಂಜೆ ವ್ಯಾನಿನಲ್ಲಿ ಗಂಟೆಯಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದಳು. ಡ್ರೈವರ್ ತಿರುವಿನಲ್ಲಿ ಜೋರಾಗಿ ಹೊರಳಿಸಿದ. ಆಕೆ ಬಾಯಿಗೆ ಬಂದಂತೆ ಬೈದಳು. ಒರೆಸುವ ಕೈ ಧ್ವನಿ ತುಂಬುವ ಕೆಂಪು ಗುಂಡಿಯನ್ನೂ ಲೋಟದ ಚಿತ್ರವನ್ನೂ ಒಟ್ಟಿಗೆ ಒತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮಾರನೇ ದಿನ ಟೀಚರ್ ಎಂದಿನಂತೆ ಲೋಟದ ಚಿತ್ರ ಒತ್ತಿದರು. ಕೋಣೆ ಅದುರಿತು.

"ಏ ಪುಣ್ಯಾತ್ಮಾ, ನಿಧಾನಕ್ಕೆ ಓಡಿಸೋ! ಒಳಗಿರೋದು ಮಕ್ಕಳು, ಆಲೂಗಡ್ಡೆ ಮೂಟೆ ಅಲ್ಲ!"

ಟೀಚರ್ ಎರಡು ಹೆಜ್ಜೆ ಹಿಂದೆ ಸರಿದರು. ಗಂಟೆಯಕ್ಕ ನಾಲಿಗೆ ಕಚ್ಚಿಕೊಂಡಳು. ಮಹಾರಾಣಿ ಮಾತ್ರ ಕುರ್ಚಿಯ ಬೆಲ್ಟು ಕಿತ್ತುಬರುವಂತೆ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಅವಳ ಮುಷ್ಟಿ ಎದ್ದಿತು. ಅತ್ತ ಹೋಯಿತು, ಇತ್ತ ಬಂತು, ಗಾಳಿಯಲ್ಲಿ ಒಂದು ಸುತ್ತು ಹಾಕಿ, ಕೊನೆಗೆ ಪೆಟ್ಟಿಗೆಯ ಮೇಲೆ ಇಳಿಯಿತು.

"ಏ ಪುಣ್ಯಾತ್ಮಾ..."

ಒಂದು ಸಲವಲ್ಲ, ಹನ್ನೊಂದು ಸಲ. ಗಂಟೆಯಕ್ಕ ಈ ಸಲ ಮನಸ್ಸಿನಲ್ಲೇ ಎಣಿಸಿದಳು.

ಟೀಚರ್ ಮಂಡಿಯೂರಿ ಕೂತರು. "ನಿನಗೆ ನನ್ನ ದನಿ ಇಷ್ಟ ಇಲ್ವಾ?" ಹುಬ್ಬು ಏರಿತು. "ಅಕ್ಕನ ದನಿ ಬೇಕಾ?" ಹುಬ್ಬು ಹಣೆಯ ಕೂದಲು ಮುಟ್ಟುವಷ್ಟು ಏರಿತು.

ಟೀಚರ ಮುಖ ಅರೆಗಳಿಗೆ ಸಣ್ಣಗಾಯಿತು. ಆಮೇಲೆ ಅವರೇ ನಕ್ಕು, "ಬನ್ನಿ ಅಕ್ಕಾ, ಎಲ್ಲಾ ಚೌಕಕ್ಕೂ ನಿಮ್ಮ ದನೀನೇ ತುಂಬೋಣ" ಎಂದರು.

ಬೀದಿ ನಡುಗಿಸಿದವಳು ಆ ಕೆಂಪು ಗುಂಡಿಯ ಮುಂದೆ ಬಾಯಿ ತೆರೆದಳು. ಹೊರಟದ್ದು ಇಲಿಯ ದನಿ. ಮಹಾರಾಣಿ ಕಣ್ಣು ಮುಚ್ಚಿದಳು, ಅಂದರೆ ಇದು ಬೇಡ. ಗಂಟೆಯಕ್ಕ ಎದ್ದು ನಿಂತು, ಮುಂದೆ ತನ್ನ ಗಾಡಿಯಿದೆ ಅಂದುಕೊಂಡು ಖಾಲಿ ಕುರ್ಚಿಯೊಂದನ್ನು ಹಿಡಿದುಕೊಂಡಳು. ಆಮೇಲೆ ತಡೆಯೇ ಇಲ್ಲ. ಬರೆದುಕೊಟ್ಟ ಚೀಟಿಯನ್ನು ಪಕ್ಕಕ್ಕಿಟ್ಟಳು. "ದಯವಿಟ್ಟು ನನಗೆ ನೀರು ಬೇಕು ಅಂತ ಮನೇಲಿ ಯಾರು ಮಾತಾಡ್ತಾರೆ ಟೀಚರ್?" ಎಂದು, "ನೀರು ಕೊಡ್ರಪ್ಪಾ, ಗಂಟಲು ಒಣಗೋಯ್ತು!" ಎಂದು ತುಂಬಿದಳು. ಪ್ರತಿ ಮಾತಿಗೂ ಮಹಾರಾಣಿಯ ಹುಬ್ಬಿನ ಒಪ್ಪಿಗೆ ಬೇಕಿತ್ತು.

ವಾರದೊಳಗೆ ರಗಳೆ ಶುರು. ಹೆಡ್ ಮಿಸ್ ಯಾರೋ ದೊಡ್ಡವರಿಗೆ ಶಾಲೆ ತೋರಿಸುತ್ತಿದ್ದಾಗ ಊಟದ ಕೋಣೆಯಿಂದ ಗುಡುಗು ಬಂತು, "ಇದೇನು ಊಟಾನಾ, ಔಷಧೀನಾ? ಉಪ್ಪೇ ಇಲ್ಲ!" ಹೆಡ್ ಮಿಸ್ ಕೆಂಪಾಗಿ ಒಳಗೆ ನುಗ್ಗಿದರು.

"ಗಂಟೆಯಕ್ಕಾ, ಏನಿದು?"

ಗಂಟೆಯಕ್ಕನ ಬಾಯಿ ತುಂಬ ನೀರಿತ್ತು. ಆಕೆ ಮಹಾರಾಣಿಯ ಕಡೆ ಬೆರಳು ತೋರಿಸಿದಳು. ಮುಷ್ಟಿ ಇನ್ನೊಮ್ಮೆ ಇಳಿಯಿತು, "ಉಪ್ಪೇ ಇಲ್ಲ!" ಹೆಡ್ ಮಿಸ್ ತಾವೇ ಒಂದು ತುತ್ತು ಬಾಯಿಗಿಟ್ಟು ನೋಡಿದರು. ನಿಜವಾಗಿಯೂ ಉಪ್ಪಿರಲಿಲ್ಲ.

ಆ ಭಾನುವಾರ ಮಹಾರಾಣಿಯ ಅಮ್ಮ ಫೋನು ಮಾಡಿದರು. "ಅಕ್ಕಾ, ಬೆಳಗ್ಗೆಯಿಂದ ನಿಮ್ಮ ದನಿ ನಮ್ಮನೆ ತುಂಬಾ. 'ಟೀವಿ ಆರಿಸ್ರೀ, ನನ್ನ ಜೊತೆ ಆಡ್ರೀ' ಅಂತ ಅವರಪ್ಪನ್ನ ಗದರಿಸ್ತಾ ಇದಾಳೆ. ಇಷ್ಟು ವರ್ಷ ನಾನು ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ." ನಗುತ್ತ ಶುರುಮಾಡಿದ ಮಾತು ಅಳುವಿನಲ್ಲಿ ನಿಂತಿತು.

ಪೆಟ್ಟಿಗೆಯಲ್ಲಿ ಒಂದು ಚೌಕ ಮಾತ್ರ ಖಾಲಿ ಉಳಿದಿತ್ತು. ಅದಕ್ಕೆ ಏನು ಬೇಕೆಂದು ಟೀಚರ್ ಮೂರು ದಿನ ಕೇಳಿದರು. ತಿಂಡಿಯಾ? ಆಟವಾ? ಕಣ್ಣು ಮುಚ್ಚಿದಳು. ಯಾರಿಗಾದ್ರೂ ಹೇಳಬೇಕಾ? ಹುಬ್ಬು. ಅಕ್ಕನಿಗಾ? ಹುಬ್ಬು. ಹೀಗೆ ಕೇಳುತ್ತ ಕೇಳುತ್ತ ಮಾತು ಹೊರಬಿತ್ತು, "ಅಕ್ಕಾ, ಸ್ವಲ್ಪ ಸುಮ್ನಿರು."

"ನನ್ನ ಬಾಯಿಂದಲೇ ನನಗೆ ಬೈಸ್ತೀಯಾ?" ಗಂಟೆಯಕ್ಕ ಮುನಿಸಿಕೊಂಡಳು. ಎರಡು ದಿನ ವ್ಯಾನಿನಲ್ಲಿ ತುಟಿ ಬಿಚ್ಚಲಿಲ್ಲ. ಜ್ವರವೇನೋ ಎಂದು ಡ್ರೈವರ್ ಮಾತ್ರೆ ತಂದುಕೊಟ್ಟ. ಆ ಮೌನದಲ್ಲಿ ಆಕೆ ಮೊದಲ ಸಲ ಕಂಡಳು: ಹಿಂದಿನ ಸೀಟಿನ ಪುಟ್ಟವನು ಏನೋ ಹಾಡು ಗುನುಗುತ್ತಾನೆ, ಮಹಾರಾಣಿ ಕತ್ತು ವಾಲಿಸಿ ಅದನ್ನೇ ಕೇಳುತ್ತಾಳೆ.

ಮೂರನೇ ದಿನ ಹೋಗಿ ಆ ಮಾತನ್ನು ತುಂಬಿಬಂದಳು, ಮೆತ್ತಗೆ.

ಹಾಗಂತ ಆಕೆ ಬದಲಾದಳು ಅಂದುಕೊಳ್ಳಬೇಡಿ. ಈಗಲೂ ವ್ಯಾನು ಹೊರಟ ಕೂಡಲೇ ಪಕ್ಕದ ಮನೆಯವಳ ಜಗಳದ ಕತೆ ತೆಗೆಯುತ್ತಾಳೆ. ಮಹಾರಾಣಿಯ ಮುಷ್ಟಿ ಮೇಲೇಳುತ್ತದೆ. ಅದು ಆ ಕೊನೆಯ ಚೌಕಕ್ಕೆ ತಲುಪಲು ಪೂರ್ತಿ ಒಂದು ನಿಮಿಷ ಬೇಕು. ಗಂಟೆಯಕ್ಕ ಓರೆಗಣ್ಣಲ್ಲಿ ಮುಷ್ಟಿಯನ್ನೇ ನೋಡುತ್ತ, ಅದು ಇಳಿಯುವಷ್ಟರಲ್ಲಿ ಕತೆ ಮುಗಿಸಲು ಉಸಿರು ಕಟ್ಟಿ ಮಾತು ಓಡಿಸುತ್ತಾಳೆ.