ಅಪ್ಪ ಅಳಿಸಿದ ಊರಿನ ಹೆಸರು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಎಂದರೆ ಎರಡು ಕಬ್ಬಿಣದ ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಬಾಗಿಲ ಪಕ್ಕ ತೂಗುಹಾಕುವ ಒಂದು ಕಪ್ಪು ಹಲಗೆ. ಅಪ್ಪ ಮಿಲಿಟರಿಯಲ್ಲಿದ್ದ. ಸರ್ಕಾರ ಕಳಿಸಿದ ಕಡೆಗೆಲ್ಲ ಇಷ್ಟನ್ನೂ ಹೊತ್ತುಕೊಂಡು ಹೋಗುತ್ತಿದ್ದೆವು. ಹೊಸ ಕ್ವಾರ್ಟರ್ಸ್ ಸಿಕ್ಕ ಕೂಡಲೇ, ಅವ್ವ ಅಡುಗೆಗೆ ಜಾಗ ನೋಡುವ ಮೊದಲೇ, ಅಪ್ಪ ಆ ಹಲಗೆಗೆ ಮೊಳೆ ಹೊಡೆಯುತ್ತಿದ್ದ. ಮೇಲೆ ಅವನ ಹುದ್ದೆ, ನಡುವೆ ಹೆಸರು, ಕೆಳಗೆ ನಮ್ಮ ಊರು. ಅಲ್ಲಿ ಎಲ್ಲರ ಮನೆ ಮುಂದೆಯೂ ಇಂಥದ್ದೊಂದು ಇರುತ್ತಿತ್ತು. ಊರಿನ ಹೆಸರು ಓದಿ, "ಓಹೋ, ನಮ್ಮ ಕಡೆಯವನು" ಎಂದು ಯಾರಾದರೂ ಚಹಾಕ್ಕೆ ಬರುತ್ತಿದ್ದರು. ಹಾಗೆ ಬರಲಿ ಎಂದೇ ಊರಿನ ಹೆಸರು ಬರೆಯುವುದು.

ಒಮ್ಮೆ ಅಪ್ಪನಿಗೆ ಹಿಮ ಬೀಳುವ ಗಡಿಗೆ ವರ್ಗವಾಯಿತು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಬೇರೆ ಸಿಪಾಯಿಗಳು ಸಂಸಾರವನ್ನು ತಮ್ಮ ಹಳ್ಳಿಯಲ್ಲಿ ಬಿಟ್ಟು ಹೋಗುತ್ತಿದ್ದರು. ನಮ್ಮ ಹಳ್ಳಿ ಗುರುಗುಂಟಾ ಕಡೆ, ಅಜ್ಜಿ ಅಲ್ಲೇ ಇದ್ದಳು. ಆದರೆ ಅಪ್ಪ ಮಾತ್ರ, ಮಕ್ಕಳು ಆ ಊರಲ್ಲಿ ಬೆಳೆಯುವುದು ಬೇಡ, ಲಿಂಗಸುಗೂರಿನಲ್ಲಿ ಮನೆ ಹಿಡಿಯೋಣ ಎಂದ. ಯಾಕೆಂದು ನನಗೂ ಅಕ್ಕನಿಗೂ ತಿಳಿಯಲಿಲ್ಲ. ನಾವು ಹುಟ್ಟಿ ಬೆಳೆದದ್ದೆಲ್ಲ ಮಿಲಿಟರಿ ಕ್ವಾರ್ಟರ್ಸ್ ಸಾಲುಗಳಲ್ಲಿ. ಅಪ್ಪ ಹಲಗೆಯನ್ನು ಉಜ್ಜಿ, ಈ ಸಲ ಕನ್ನಡದಲ್ಲೇ ತಾನೇ ಕೂತು ಬಿಳಿ ಬಣ್ಣದಿಂದ ಬರೆದ. ಮೂರನೆಯ ಸಾಲನ್ನು ಬರೆಯುವಾಗ ಅವನ ಮುಖದ ಹೆಮ್ಮೆ ನೋಡಬೇಕಿತ್ತು ನೀವು.

ಲಿಂಗಸುಗೂರಿನಲ್ಲಿ ಬಸ್ಸಿಳಿದಾಗ ಬಿಸಿಲು ಏರಿತ್ತು. ಮಿರ್ಚಿ ಕರಿಯುವ ಎಣ್ಣೆಯ ವಾಸನೆಗೆ ಬಾಯಲ್ಲಿ ನೀರು ಬಂತು. ಅಪ್ಪ ಸಮವಸ್ತ್ರದಲ್ಲಿದ್ದ. ಬೂಟು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಜನ ಸರಿದು ದಾರಿ ಬಿಟ್ಟರು. ಹೋಟೆಲಿನವನು ನಮಗೆ ಮಂಡಕ್ಕಿಯ ಮಂಡಾಳ ಒಗ್ಗರಣೆ ಕೊಟ್ಟು, ಖಾಲಿ ಮನೆ ಯಾವ ಓಣಿಯಲ್ಲಿದೆ ಎಂದೂ ಹೇಳಿ ಕಳಿಸಿದ. ನಾನಂತೂ ರಾಜಕುಮಾರನ ಗತ್ತಿನಲ್ಲಿ ಟ್ರಂಕಿನ ಬಂಡಿಯ ಹಿಂದೆ ನಡೆದೆ.

ಮನೆಯ ಯಜಮಾನರು ಧೋತರ ಉಟ್ಟ ಹಿರಿಯರು. ಅಪ್ಪನನ್ನು ಕಂಡದ್ದೇ ಕಟ್ಟೆಯಿಂದ ಎದ್ದು ಬಂದರು.

"ಬರ್ರಿ ಸಾಹೇಬ್ರ, ಬರ್ರಿ! ದೇಶ ಕಾಯೋ ಮಂದಿಗಿ ಮನಿ ಇಲ್ಲ ಅಂತೀನೇನು? ಇದು ನಿಮ್ಮದ ಮನಿ ಅಂತ ತಿಳೀರಿ."

ಎರಡು ಖೋಲಿ, ತಣ್ಣನೆಯ ಪರಸಿ ಕಲ್ಲಿನ ನೆಲ, ಹಿತ್ತಲಲ್ಲಿ ಯಜಮಾನರಿಗೂ ನಮಗೂ ಕೂಡಿ ಒಂದು ಬಾವಿ. ಶಾಲೆಯೂ ಪಕ್ಕದ ಓಣಿಯಲ್ಲೇ. ಅವ್ವನ ಕಣ್ಣು ಅರಳಿತು. ಅಪ್ಪ ಮಿಲಿಟರಿ ಪದ್ಧತಿಯಂತೆ ಪ್ರತಿ ಚಿಲಕ ಎಳೆದು, ಕಿಟಕಿ ಬಡಿದು ಪರೀಕ್ಷೆ ಮಾಡಿದ. ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ನೀವೇನ್ ಮನಿ ನೋಡಾಕತ್ತೀರೋ, ಬಂದೂಕ ತಪಾಸ ಮಾಡಾಕತ್ತೀರೋ!" ಎಂದರು. ಎಲ್ಲರೂ ನಕ್ಕೆವು. ಅಕ್ಕ ಬಾವಿಗೆ ಕೊಡ ಇಳಿಸಿದಳು. ಯಜಮಾನರ ಹೆಂಡತಿ ಅವಳ ಕೈಗೊಂದು ಬೆಲ್ಲದ ಚೂರು ಇಟ್ಟು, "ಎಷ್ಟ ಚಂದ ನೀರ ಸೇದತಿ ಮಗಳ" ಎಂದು ಕೆನ್ನೆ ಸವರಿದರು.

ಅಷ್ಟರಲ್ಲಿ ಅಪ್ಪ ಬಾಗಿಲ ಪಕ್ಕ ಮೊಳೆ ಹೊಡೆದು ಹಲಗೆ ತೂಗುಹಾಕಿದ. ಯಜಮಾನರು ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಮುಖ ಇನ್ನಷ್ಟು ಅರಳಿತು.

"ಅಯ್ಯ, ಇದು ನಮ್ಮ ಬೀಗರ ಊರಲ್ರೀ! ಆ ಊರಾಗ ನೀವು ಯಾರ ಪೈಕಿ?"

ಎಷ್ಟು ಪ್ರೀತಿಯಿಂದ ಕೇಳಿದರೆಂದರೆ, ಈಗ ಹೋಳಿಗೆ ಊಟಕ್ಕೇ ಕರೆಯುತ್ತಾರೆ ಎಂದುಕೊಂಡೆ. ಅಪ್ಪ ಸುತ್ತಿಗೆಯನ್ನು ಕೆಳಗಿಟ್ಟ. ದೊಡ್ಡ ಅಧಿಕಾರಿ ಪ್ರಶ್ನೆ ಕೇಳಿದಾಗ ನಿಲ್ಲುವಂತೆ ನೆಟ್ಟಗೆ ನಿಂತ.

"ಊರ ಹೊರಗಿನ ಕೇರಿಯವರ್ರೀ ನಾವು."

ಊರ ಹೊರಗಿನ ಕೇರಿ ಎಂದರೆ, ಮಕ್ಕಳೇ, ಬೇರೆಯವರು ಮುಟ್ಟಬಾರದು ಎಂದು ದೂರ ಇಟ್ಟಿದ್ದ ಜನರ ಕೇರಿ. ನಾವು ಆ ಜನ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

ಯಜಮಾನರು ಹಲಗೆಯಿಂದ ಬೆರಳು ತೆಗೆದರು. ಬೈಯಲಿಲ್ಲ, ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತೇನೋ.

"ಮೊದಲ ಹೇಳಬೇಕಿತ್ತಲ್ರೀ..." ಎಂದು ನೆಲ ನೋಡಿದರು. "ನಂದೇನಿಲ್ಲರೀ, ನಾ ಅಂಥಾವಲ್ಲ. ಆದ್ರ ಬಾವಿ ಒಂದ ಐತಿ. ಓಣಿ ಮಂದಿ ಸುಮ್ನಿರಂಗಿಲ್ಲ."

ಹಿತ್ತಲಲ್ಲಿ ಅವರ ಹೆಂಡತಿ ರಾಟೆಯಿಂದ ಹಗ್ಗ ಬಿಚ್ಚುತ್ತಿದ್ದರು. ಬಿಚ್ಚಿ, ಸುತ್ತಿ, ಅಕ್ಕನ ಕಡೆ ನೋಡದೆ ಒಳಗೆ ಒಯ್ದರು. ಅಕ್ಕ ಬಾಯಲ್ಲಿದ್ದ ಬೆಲ್ಲವನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದಳು.

"ಆತ್ರೀ," ಎಂದ ಅಪ್ಪ. ಅಷ್ಟೇ. ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡ. ಗೋಡೆಯಲ್ಲಿ ಉಳಿದ ತೂತಿಗೆ ಚೂರು ಹಸಿ ಮಣ್ಣು ಒತ್ತಿ, ಹೆಬ್ಬೆರಳಿಂದ ಸವರಿ ಸಮ ಮಾಡಿದ. ಕ್ವಾರ್ಟರ್ಸ್ ಬಿಡುವಾಗ ಎಲ್ಲವನ್ನೂ ಮೊದಲಿನಂತೆ ಮಾಡಿ ಬಿಡಬೇಕು, ಅದು ಮಿಲಿಟರಿ ನಿಯಮ. ನಮ್ಮನ್ನು ಹೊರಗೆ ಹಾಕಿದವರ ಗೋಡೆಯನ್ನೂ ಅಪ್ಪ ಹಾಗೇ ಸರಿಮಾಡಿದ. ಅದನ್ನು ನೋಡುತ್ತ ನನಗೆ ಸಿಟ್ಟು ನೆತ್ತಿಗೇರಿತು.

ಬಂಡಿ ಬಂದ ದಾರಿಯಲ್ಲೇ ಹಿಂತಿರುಗಿತು. ಬೆಳಿಗ್ಗೆ ನೋಡಿದ ಜನವೇ ಮತ್ತೆ ಬಾಗಿಲಿಗೆ ಬಂದು ನೋಡಿದರು. ನನ್ನ ಕಿವಿ ಬಿಸಿಯಾಗಿ, ತಲೆ ತಾನಾಗಿಯೇ ಬಗ್ಗಿತು. "ನಾವ್ ಏನ್ ತಪ್ಪ ಮಾಡೀವಿ?" ಎಂದು ಅಕ್ಕನನ್ನು ಕೇಳಿದೆ. "ನಂಗೂ ಗೊತ್ತಿಲ್ಲ. ಸುಮ್ನ ನಡಿ," ಎಂದಳು ಅವಳು. ತಪ್ಪು ಯಾರದೋ, ನಾಚಿಕೆ ಮಾತ್ರ ನಮ್ಮ ಬಂಡಿ ಹತ್ತಿ ಬಂದಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು ಅವ್ವ ಮಾತು ತೆಗೆದಳು.

"ಸಿಂಧನೂರಿಗಿ ಹೋಗೂಣು. ಕಾಲುವಿ ಬಂದ ಮ್ಯಾಲ ಅಲ್ಲಿ ಎಲ್ಲೆಲ್ಲಿ ಮಂದಿನೋ ಬಂದು ಸೇರ್ಯಾರ. ಯಾರದು ಯಾ ಊರು ಅಂತ ಯಾರಿಗಿ ಗೊತ್ತಾಗತೈತಿ? ಆದ್ರ ಆ ಹಲಗಿ ಮ್ಯಾಲಿನ ಊರ ಹೆಸರ ತಗೀರಿ."

"ಅದು ನಮ್ಮವ್ವ ಇರೋ ಊರು," ಎಂದ ಅಪ್ಪ.

"ನಾಡದು ನೀವು ಗಡಿಗಿ ಹೊಂಟೀರಿ. ಇಲ್ಲಿ ನಾ ಒಬ್ಬಾಕಿ ಇರಬೇಕು. ಮಕ್ಕಳು ಸಾಲಿ ಕಲೀಬೇಕೋ ಬ್ಯಾಡೋ?"

ಅಪ್ಪ ಟ್ರಂಕುಗಳನ್ನು ಸಿಂಧನೂರಿನ ಬಸ್ಸಿಗೆ ಹೇರಿದ. ಬಸ್ಸು ಹೊರಟ ಮೇಲೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ಚಾಕು ತೆಗೆದು, ಮೂರನೆಯ ಸಾಲನ್ನು ಕೆರೆಯತೊಡಗಿದ. ಬಿಳಿಯ ಬಣ್ಣ ಪುಡಿಪುಡಿಯಾಗಿ ಅವನ ಬೂಟಿನ ಮೇಲೆ ಉದುರಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದಳು. ಮಸ್ಕಿ ಬರುವಷ್ಟರಲ್ಲಿ ನಮ್ಮ ಊರು ಅಳಿಸಿಹೋಗಿತ್ತು.

ಸಿಂಧನೂರಿನಲ್ಲಿ ಅಂದು ಸಂಜೆಯೇ ಮನೆ ಸಿಕ್ಕಿತು. "ಯಾರರ ಊರು ಕೇಳಿದ್ರ ಮಿಲಿಟ್ರಿಯವ್ರು ಅನ್ರಿ. ಅಷ್ಟ ಸಾಕು," ಎಂದು ಅಪ್ಪ ನಮಗೆ ಪಾಠ ಮಾಡಿ ಗಡಿಗೆ ಹೋದ. ಅಜ್ಜಿಗೆ ಮಾತ್ರ ಮನೆಗೆ ಬರಬೇಡ ಎಂದು ಹೇಳಿ ಕಳಿಸಬೇಕಾಯಿತು. ಅವಳು ಬಂದರೆ ಅವಳ ಮಾತಿನಿಂದಲೇ ನಮ್ಮ ಗುಟ್ಟು ಹೊರಬೀಳುತ್ತಿತ್ತು. ಅಂದಿನಿಂದ ಅವಳು ಮಸ್ಕಿ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಳು, ನಾವೂ ಅಲ್ಲಿಗೇ ಹೋಗುತ್ತಿದ್ದೆವು. ಬಟ್ಟೆಯಲ್ಲಿ ಕಟ್ಟಿ ತಂದ ಸಜ್ಜೆ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿ ಬಿಚ್ಚಿ ನಮಗೆ ತಿನ್ನಿಸಿ, "ಮನಿ ಚಲೋ ಐತೇನ್ರೋ? ಗಾಳಿ ಬರತೈತೇನು?" ಎಂದು ಕೇಳುತ್ತಿದ್ದಳು. ನಾನೂ ಬಂದು ನೋಡುತ್ತೇನೆ ಎಂದು ಒಂದು ಸಲವೂ ಅನ್ನಲಿಲ್ಲ. ನಮ್ಮ ಹೊಸ್ತಿಲು ತುಳಿಯದೆಯೇ ಅಜ್ಜಿ ತೀರಿಕೊಂಡಳು. ಅಪ್ಪ ಗಡಿಯಿಂದ ಮೆಡಲು ತಂದ. ಅದನ್ನು ಎದೆಗೆ ಹಾಕಿಕೊಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಈಗ ನಿಮ್ಮಮ್ಮನೂ ಮಿಲಿಟರಿಯಲ್ಲಿದ್ದಾಳೆ, ಅಪ್ಪನಿಗಿಂತ ಬಹಳ ದೊಡ್ಡ ಹುದ್ದೆಯಲ್ಲಿ. ನೀವೂ ನನ್ನ ಹಾಗೆಯೇ ಊರೂರು ತಿರುಗುವ ಮಕ್ಕಳು. ಆದರೆ ನಿಮಗೆ ಟ್ರಂಕು ಹೊರುವ ಕಷ್ಟವಿಲ್ಲ, ಬಂಡಿಯ ಹಿಂದೆ ಬಿಸಿಲಲ್ಲಿ ನಡೆಯುವ ಕೆಲಸವಿಲ್ಲ. ಹೊಸ ಊರಿನ ಮನೆಯನ್ನು ಇಲ್ಲಿ ಮಂಚದ ಮೇಲೆ ಬಿದ್ದುಕೊಂಡೇ ಫೋನಿನ ವಿಡಿಯೊ ಕಾಲಿನಲ್ಲಿ ನೋಡುತ್ತೀರಿ. ಮೊನ್ನೆ ಹಾಗೆ ನೋಡುವಾಗ ಆ ಮನೆಯ ಒಡತಿ ನಯವಾಗಿ, "ನಿಮ್ಮ ಸ್ವಂತ ಊರು ಯಾವುದು, ಪುಟ್ಟಾ?" ಎಂದು ಕೇಳಿದರು. ನಿಮ್ಮಲ್ಲಿ ಚಿಕ್ಕ ಮಗು ನೀನು, ಗಂಟಲು ಬಿಚ್ಚಿ ನಮ್ಮ ಹಳ್ಳಿಯ ಹೆಸರು ಹೇಳಿದೆ. ನನಗರಿವಿಲ್ಲದೆ ನನ್ನ ಕೈ ಬಂದು ನಿನ್ನ ಬಾಯಿ ಮುಚ್ಚಿತು.

"ಯಾಕ ತಾತಾ?" ಎಂದು ನೀನು ಕೇಳಿದೆ. ಅಂದು ಹೇಳಲಾಗದ್ದನ್ನು ಇಂದು ಹೇಳಿದ್ದೇನೆ. ಆಕೆ ಆಮೇಲೆ ಫೋನ್ ಮಾಡುತ್ತೇನೆ ಎಂದರು, ಇನ್ನೂ ಮಾಡಿಲ್ಲ. ಮಾಡದಿದ್ದರೂ ಪರವಾಗಿಲ್ಲ, ಬೇರೆ ಮನೆ ನೋಡಿದರಾಯಿತು. ಆದರೆ ಮುಂದಿನ ಸಲ ಯಾರಾದರೂ ಊರು ಕೇಳಿದಾಗ ನನ್ನ ಕೈ ನಿನ್ನ ಬಾಯಿಗೆ ಬಂದರೆ, ಅದನ್ನು ಕಚ್ಚಿಬಿಡು ಮಗಾ.